ಕಮ್ಯುನಿಸ್ಟ್ ದೇಶ ಅಂದರೆ ಯಾವುದು, ಅಲ್ಲಿ ಬದುಕು ಹೇಗಿರುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಮ್ಯುನಿಸ್ಟ್ ದೇಶಗಳು ಈಗ ಎಷ್ಟಿವೆ?

ಐದು. ಚೀನಾ, ವಿಯೆಟ್ನಾಂ, ಲಾವೋಸ್, ಕ್ಯೂಬಾ, ಉತ್ತರ ಕೊರಿಯಾ. ಐದನೆಯದನ್ನು ಸೇರಿಸುವಾಗ ತಿಳಿದವರು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಉತ್ತರ ಕೊರಿಯಾ 1992ರಲ್ಲೇ ತನ್ನ ಸಂವಿಧಾನದಿಂದ ಮಾರ್ಕ್ಸ್ ಮತ್ತು ಲೆನಿನ್ ವಾದವನ್ನು ತೆಗೆದು ತನ್ನದೇ 'ಜೂಚೆ' ಎಂಬ ಸ್ವಾವಲಂಬನೆಯ ತತ್ವವನ್ನು ಕೂರಿಸಿತು. 2009ರಲ್ಲಿ ಕಮ್ಯುನಿಸಂ ಎಂಬ ಪದವನ್ನೂ ಅಳಿಸಿತು. ಅಧಿಕಾರ ಅಪ್ಪನಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಬಂದಿದೆ. ಇದನ್ನು ಕಮ್ಯುನಿಸಂ ಅನ್ನಬೇಕೋ ಅರಸೊತ್ತಿಗೆ ಅನ್ನಬೇಕೋ! ಆದರೂ ಆಳುವ ಯಂತ್ರ ಸೋವಿಯತ್ ಅಚ್ಚಿನಲ್ಲೇ ತಯಾರಾದದ್ದು. ಹಾಗಾಗಿ ಪಟ್ಟಿಯಲ್ಲಿ ಉಳಿದಿದೆ.

1980ರ ದಶಕದಲ್ಲಿ ಪಟ್ಟಿ ಇನ್ನೂ ಉದ್ದವಿತ್ತು. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಪೋಲೆಂಡ್, ಚೆಕೊಸ್ಲೊವಾಕಿಯಾ, ಹಂಗೆರಿ, ರೊಮೇನಿಯಾ, ಬಲ್ಗೇರಿಯಾ, ಅಲ್ಬೇನಿಯಾ, ಯುಗೊಸ್ಲಾವಿಯಾ, ಮಂಗೋಲಿಯಾ ಎಲ್ಲ ಇದ್ದವು. 1989ರಿಂದ 1992ರ ಒಳಗೆ ಒಂದೊಂದೇ ಉದುರಿದವು. ಕೆಳಗಿನ ಉತ್ತರಗಳಲ್ಲಿ ಆ ದೇಶಗಳೂ ಬರುತ್ತವೆ. ಅಲ್ಲಿನ ದಿನನಿತ್ಯದ ಬದುಕಿನ ಕಡತಗಳು ಈಗ ಬಯಲಾಗಿವೆ, ಬದುಕಿದವರು ಬಾಯಿಬಿಟ್ಟು ಹೇಳಿದ್ದಾರೆ.

ಒಂದು ದೇಶವನ್ನು ಕಮ್ಯುನಿಸ್ಟ್ ಅನ್ನಲು ಏನಿರಬೇಕು?

ಸಿದ್ಧಾಂತದ ಪ್ರಕಾರ ಕಮ್ಯುನಿಸಂ ಅಂದರೆ ವರ್ಗಗಳಿಲ್ಲದ, ಹಣ ಬೇಕಿಲ್ಲದ, ಕೊನೆಗೆ ಸರ್ಕಾರವೂ ಬೇಕಿಲ್ಲದ ಸಮಾಜ. ಕೈಲಾದಷ್ಟು ದುಡಿಯುವುದು, ಬೇಕಾದಷ್ಟು ಪಡೆಯುವುದು. ಇಂಥ ದೇಶ ಇವತ್ತಿನವರೆಗೆ ಒಂದೂ ಹುಟ್ಟಿಲ್ಲ. ಆ ಅರ್ಥವನ್ನೇ ಹಿಡಿದರೆ 'ಕಮ್ಯುನಿಸ್ಟ್ ದೇಶ' ಅನ್ನುವ ಮಾತೇ ತಪ್ಪು.

ಬಳಕೆಯಲ್ಲಿ ನಾವು ಹಾಗೆ ಕರೆಯುವುದು ಬೇರೆ ಒಂದನ್ನು. ಕಮ್ಯುನಿಸ್ಟ್ ಪಕ್ಷ ಆಳುತ್ತಿದ್ದು, ಅದನ್ನು ಯಾರೂ ಇಳಿಸಲು ದಾರಿಯೇ ಇಲ್ಲದ ದೇಶ ಅದು. ಇದು ಬರೀ ರೂಢಿಯಲ್ಲ, ಬರೆದಿಟ್ಟ ಕಾನೂನು. ಸೋವಿಯತ್ ಒಕ್ಕೂಟದ 1977ರ ಸಂವಿಧಾನದ 6ನೇ ವಿಧಿ ಪಕ್ಷವೇ ಸಮಾಜವನ್ನು ಮುನ್ನಡೆಸುವ ಶಕ್ತಿ ಎಂದಿತ್ತು. ವಿಯೆಟ್ನಾಂ ಸಂವಿಧಾನದ 4ನೇ ವಿಧಿ, ಕ್ಯೂಬಾದ 2019ರ ಸಂವಿಧಾನದ 5ನೇ ವಿಧಿ ಇದನ್ನೇ ಹೇಳುತ್ತವೆ. ಚೀನಾ 2018ರಲ್ಲಿ ತಿದ್ದುಪಡಿ ಮಾಡಿ 1ನೇ ವಿಧಿಗೇ ಸೇರಿಸಿತು.

ಕಾಗದಕ್ಕಿಂತ ಮುಖ್ಯವಾದದ್ದು ಅದು ನಡೆಯುವ ರೀತಿ. ಚೀನಾದ ಸೇನೆ ಪಕ್ಷದ ಸೇನೆ, ಅದರ ನಿಷ್ಠೆ ಮೊದಲು ಪಕ್ಷಕ್ಕೆ. ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷರು ಇರುತ್ತಾರೆ, ಅವರ ಪಕ್ಕದಲ್ಲಿ ಪಕ್ಷದ ಕಾರ್ಯದರ್ಶಿಯೂ ಇರುತ್ತಾರೆ. ಕೊನೆಯ ಮಾತು ಸಾಮಾನ್ಯವಾಗಿ ಕಾರ್ಯದರ್ಶಿಯದ್ದು. ಕೋರ್ಟಿಗೂ ಇದೇ ಕಥೆ. ಸೋವಿಯತ್ ಕಾಲದಲ್ಲಿ 'ನೊಮೆನ್‌ಕ್ಲಾತುರಾ' ಎಂಬ ಪಟ್ಟಿ ಇತ್ತು. ಕಾರ್ಖಾನೆಯ ನಿರ್ದೇಶಕ, ಪತ್ರಿಕೆಯ ಸಂಪಾದಕ, ದೊಡ್ಡ ಆಸ್ಪತ್ರೆಯ ಮುಖ್ಯಸ್ಥ, ಇಂಥ ಹುದ್ದೆಗಳೆಲ್ಲ ಆ ಪಟ್ಟಿಯಲ್ಲಿ. ಪಕ್ಷ ಒಪ್ಪದೆ ಯಾರೂ ಅಲ್ಲಿ ಕೂರುವ ಹಾಗಿಲ್ಲ.

ಎರಡನೆಯ ಗುರುತು ಆರ್ಥಿಕತೆ. ಜಮೀನು, ಕಾರ್ಖಾನೆ, ಬ್ಯಾಂಕು, ಅಂಗಡಿ ಎಲ್ಲ ಸರ್ಕಾರದ್ದು ಅಥವಾ ಸಾಮೂಹಿಕ. ಏನು ಎಷ್ಟು ತಯಾರಾಗಬೇಕು ಅನ್ನುವುದನ್ನು ಯೋಜನಾ ಕಚೇರಿ ಹೇಳುತ್ತದೆ. ಸೋವಿಯತ್‌ನಲ್ಲಿ ಆ ಕಚೇರಿಯ ಹೆಸರು ಗೋಸ್‌ಪ್ಲಾನ್, ಹುಟ್ಟಿದ್ದು 1921ರಲ್ಲಿ. ಮೊದಲ ಪಂಚವಾರ್ಷಿಕ ಯೋಜನೆ 1928ರಲ್ಲಿ ಶುರುವಾಯಿತು.

ಈ ಎರಡರಲ್ಲಿ ನನ್ನ ಪ್ರಕಾರ ಗಟ್ಟಿಯಾದದ್ದು ಮೊದಲನೆಯದು. ಚೀನಾ, ವಿಯೆಟ್ನಾಂ, ಲಾವೋಸ್ ಆರ್ಥಿಕತೆಯನ್ನು ಗುರುತು ಸಿಗದಷ್ಟು ಬದಲಿಸಿಕೊಂಡವು. ಪಕ್ಷದ ಕುರ್ಚಿ ಮಾತ್ರ ಒಂದಿಂಚೂ ಅಲುಗಲಿಲ್ಲ.

ಕಮ್ಯುನಿಸ್ಟ್ ಪಕ್ಷ ಚುನಾವಣೆ ಗೆದ್ದರೆ ಆ ದೇಶ ಕಮ್ಯುನಿಸ್ಟ್ ಆಗುತ್ತದಾ?

ಇಲ್ಲ. ನೇಪಾಳ, ಸೈಪ್ರಸ್, ಮಾಲ್ಡೋವಾ, ಪುಟಾಣಿ ಸ್ಯಾನ್ ಮರಿನೊ, ಇಲ್ಲೆಲ್ಲ ಕಮ್ಯುನಿಸ್ಟರು ಮತ ಪಡೆದು ಸರ್ಕಾರ ನಡೆಸಿದ್ದಾರೆ. ಅಧಿಕಾರ ಹೋದಾಗ ಇಳಿದು ಮನೆಗೂ ಹೋಗಿದ್ದಾರೆ. ಇಳಿಯಬಹುದು ಅನ್ನುವುದೇ ಇಲ್ಲಿನ ವ್ಯತ್ಯಾಸ.

ಸ್ವೀಡನ್, ಡೆನ್ಮಾರ್ಕ್‌ನಲ್ಲಿ ಎಲ್ಲ ಉಚಿತವಂತೆ. ಅವೂ ಕಮ್ಯುನಿಸ್ಟಾ?

ಖಂಡಿತ ಅಲ್ಲ. ಅಲ್ಲಿ ಕಂಪನಿಗಳು ಖಾಸಗಿಯವರದ್ದು, ಮಾರುಕಟ್ಟೆ ಮುಕ್ತ, ಪಕ್ಷಗಳು ಹಲವು. ತೆರಿಗೆ ಜಾಸ್ತಿ ತಗೊಂಡು ಶಾಲೆ, ಆಸ್ಪತ್ರೆ, ಪಿಂಚಣಿಗೆ ಹಾಕುತ್ತಾರೆ. ಇದನ್ನು ಕಲ್ಯಾಣ ರಾಜ್ಯ ಅನ್ನುತ್ತಾರೆ.

ಹಾಗಾದರೆ ಕಮ್ಯುನಿಸ್ಟ್ ದೇಶಗಳು ತಮ್ಮನ್ನು 'ಸಮಾಜವಾದಿ' ಅಂತ ಕರೆದುಕೊಳ್ಳುವುದು ಯಾಕೆ?

ಅವರ ಲೆಕ್ಕದಲ್ಲಿ ಸಮಾಜವಾದ ದಾರಿ, ಕಮ್ಯುನಿಸಂ ಊರು. ತಾವಿನ್ನೂ ದಾರಿಯಲ್ಲೇ ಇದ್ದೇವೆ ಅನ್ನುತ್ತಾರೆ. ಊರು ಯಾವಾಗ ಸಿಗುತ್ತದೆ ಅಂತ ತಾರೀಕು ಹೇಳುವ ಧೈರ್ಯ ಮಾಡಿದವರು ಸೋವಿಯತ್ ನಾಯಕ ಕ್ರುಶ್ಚೇವ್. 1961ರಲ್ಲಿ ಪಕ್ಷ ಅವರ ನೇತೃತ್ವದಲ್ಲಿ 20 ವರ್ಷದ ಗಡುವು ಹಾಕಿಕೊಂಡಿತು. ಅಂದರೆ 1980ರ ಹೊತ್ತಿಗೆ ಕಮ್ಯುನಿಸಂ. ಆ ವರ್ಷ ಮಾಸ್ಕೋದಲ್ಲಿ ಒಲಿಂಪಿಕ್ಸ್ ನಡೆಯಿತು. ಕಮ್ಯುನಿಸಂ ಬದಲು ಒಲಿಂಪಿಕ್ಸ್ ಕೊಟ್ಟರು ಅಂತ ಜನ ನಗಾಡಿದರು.

ಚೀನಾದಲ್ಲಿ ಇಷ್ಟೊಂದು ಕೋಟ್ಯಧಿಪತಿಗಳಿದ್ದಾರಲ್ಲ. ಅದು ಯಾವ ಸೀಮೆಯ ಕಮ್ಯುನಿಸಂ?

ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದ್ದೂ ಹೌದು.

1978ರ ಚಳಿಗಾಲದಲ್ಲಿ ಅನ್‌ಹ್ವೇ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿಯ 18 ರೈತರು ಗುಟ್ಟಾಗಿ ಸೇರಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ನಮ್ಮದು, ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕು ಅಂತ ಒಪ್ಪಂದ. ಮರು ವರ್ಷ ಬೆಳೆ ಹಲವು ಪಟ್ಟು ಹೆಚ್ಚಿತು. ದೆಂಗ್ ಶಿಯಾವೊಪಿಂಗ್ ನಾಯಕತ್ವ ಅವರನ್ನು ಜೈಲಿಗೆ ಹಾಕುವ ಬದಲು ಅದನ್ನೇ ದೇಶಕ್ಕೆಲ್ಲ ಹರಡಿತು. ಆಮೇಲೆ ಖಾಸಗಿ ಅಂಗಡಿ, ವಿದೇಶಿ ಕಾರ್ಖಾನೆ, 1990ರಲ್ಲಿ ಶಾಂಘೈ ಶೇರು ಮಾರುಕಟ್ಟೆ ಬಂದವು. 2002ರ ಹೊತ್ತಿಗೆ ಬಂಡವಾಳಗಾರರಿಗೇ ಪಕ್ಷದ ಬಾಗಿಲು ತೆರೆಯಿತು. ವಿಯೆಟ್ನಾಂ ಇದೇ ದಾರಿಗೆ 1986ರಲ್ಲಿ 'ದೊಯ್ ಮೊಯ್' ಎಂಬ ಹೆಸರಿನಲ್ಲಿ ಬಂತು.

ಸರಿ, ಹಾಗಾದರೆ ಕಮ್ಯುನಿಸಂ ಎಲ್ಲಿ ಉಳಿಯಿತು? 2020ರ ಅಕ್ಟೋಬರ್‌ನಲ್ಲಿ ಅಲಿಬಾಬಾ ಕಂಪನಿ ಕಟ್ಟಿದ ಕೋಟ್ಯಧಿಪತಿ ಜಾಕ್ ಮಾ ಒಂದು ಭಾಷಣದಲ್ಲಿ ಬ್ಯಾಂಕು ನಿಯಂತ್ರಕರನ್ನು ಟೀಕಿಸಿದರು. ಅವರ ಆಂಟ್ ಕಂಪನಿಯ ಶೇರು ಬಿಡುಗಡೆ ಜಗತ್ತಿನಲ್ಲೇ ಅತಿ ದೊಡ್ಡದಾಗುವುದರಲ್ಲಿತ್ತು. ಎರಡು ದಿನ ಬಾಕಿ ಇರುವಾಗ ಅದು ನಿಂತುಹೋಯಿತು. ಮುಂದೆ ಸುಮಾರು ಮೂರು ತಿಂಗಳು ಅವರು ಜನರ ಕಣ್ಣಿಗೇ ಬೀಳಲಿಲ್ಲ. ದುಡ್ಡು ಮಾಡಬಹುದು, ಎಷ್ಟು ಬೇಕಾದರೂ ಮಾಡಬಹುದು. ಆ ದುಡ್ಡು ಪಕ್ಷಕ್ಕೆ ಎದುರಾಡುವ ಬಲ ಆಗಬಾರದು, ಅಷ್ಟೇ. ದೊಡ್ಡ ಬ್ಯಾಂಕು, ತೈಲ, ವಿದ್ಯುತ್, ರೈಲು ಈಗಲೂ ಸರ್ಕಾರದ ಕೈಯಲ್ಲೇ ಇವೆ. ಜಮೀನೂ ಅಷ್ಟೇ.

ಅಂಗಡಿಗೆ ಹೋದರೆ ಏನು ವ್ಯತ್ಯಾಸ?

ಹಳೆಯ ಮಾದರಿಯ ದೇಶಗಳಲ್ಲಿ ವ್ಯತ್ಯಾಸ ಇಲ್ಲೇ ಎದ್ದು ಕಾಣುತ್ತಿತ್ತು. ಬೇರೆ ಕಡೆ ಜನ 'ಕೊಳ್ಳಲು ದುಡ್ಡಿದೆಯಾ' ಅಂತ ಯೋಚಿಸುತ್ತಾರೆ. ಅಲ್ಲಿ ಯೋಚಿಸುತ್ತಿದ್ದದ್ದು 'ಸಿಗುತ್ತದಾ' ಅಂತ. ರಷ್ಯನ್ನರ ಮಾತೂ ಹಾಗೇ ಬದಲಾಗಿತ್ತು. ವಸ್ತುವನ್ನು ಕೊಂಡೆ ಅನ್ನುತ್ತಿರಲಿಲ್ಲ, 'ದಸ್ತಾತ್' ಅನ್ನುತ್ತಿದ್ದರು, ಅಂದರೆ ಹೇಗೋ ಗಿಟ್ಟಿಸಿಕೊಂಡೆ ಅಂತ. ಕ್ಯೂ ಕಂಡರೆ ಮೊದಲು ಹೋಗಿ ನಿಲ್ಲುವುದು, ಆಮೇಲೆ ಏನು ಕೊಡುತ್ತಿದ್ದಾರೆ ಅಂತ ಕೇಳುವುದು. ಮಾರುತ್ತಿದ್ದಾರೆ ಅಲ್ಲ, ಕೊಡುತ್ತಿದ್ದಾರೆ! ಜೇಬಿನಲ್ಲಿ ಸದಾ ಒಂದು ಬಲೆಯ ಚೀಲ ಇರುತ್ತಿತ್ತು. ಅದರ ಹೆಸರು 'ಅವೋಸ್ಕಾ'. ಅದೃಷ್ಟವಿದ್ದರೆ ಏನಾದರೂ ಸಿಕ್ಕೀತು ಅನ್ನುವ ಅರ್ಥದಿಂದ ಬಂದ ಪದ.

ಯಾಕೆ ಹೀಗೆ? ಬೆಲೆಯನ್ನು ಸರ್ಕಾರ ಕಟ್ಟಿಹಾಕಿತ್ತು. ಎಷ್ಟು ಕಟ್ಟಿಹಾಕಿತ್ತೆಂದರೆ ಪಾತ್ರೆ, ಉಪಕರಣಗಳ ಲೋಹದ ಮೇಲೇ ಬೆಲೆ ಅಚ್ಚೊತ್ತಿ ಬರುತ್ತಿತ್ತು. ಸಂಬಳ ಏರುತ್ತಾ ಹೋಯಿತು, ಬೆಲೆ ನಿಂತಲ್ಲೇ ನಿಂತಿತು, ಸರಕು ಮಾತ್ರ ಅಷ್ಟು ಬೆಳೆಯಲಿಲ್ಲ. ಆಗ ಕಪಾಟು ಖಾಲಿ ಆಗದೆ ಇನ್ನೇನು? ಬೆಲೆ ಏರಿಸಿದರೆ ಸಮಸ್ಯೆ ತೀರುತ್ತಿತ್ತಲ್ಲ ಅನ್ನಬಹುದು. 1962ರಲ್ಲಿ ಮಾಂಸ, ಬೆಣ್ಣೆಯ ಬೆಲೆ ಏರಿಸಿದರು. ನೊವೊಚೆರ್ಕಾಸ್ಕ್ ಊರಿನ ಕಾರ್ಮಿಕರು ಬೀದಿಗಿಳಿದರು. ಗುಂಡು ಹಾರಿತು, 20ಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿಯನ್ನು ಕಾಲು ಶತಮಾನ ಮುಚ್ಚಿಟ್ಟರು. ಆಮೇಲೆ ಬೆಲೆ ಮುಟ್ಟಲು ಸರ್ಕಾರಕ್ಕೇ ಹೆದರಿಕೆ. ಪೋಲೆಂಡ್‌ನಲ್ಲೂ 1970, 1976, 1980ರ ಗಲಾಟೆಗಳೆಲ್ಲ ಶುರುವಾದದ್ದು ಊಟದ ಬೆಲೆಯಿಂದಲೇ.

ಯೋಜನೆಯ ಕಚೇರಿ ಲೆಕ್ಕ ಹಾಕುತ್ತಿದ್ದ ರೀತಿಯೂ ಸರಕನ್ನು ಕೆಡಿಸಿತು. ಗುರಿಯನ್ನು ಟನ್‌ನಲ್ಲಿ ಕೊಟ್ಟರೆ ಕಾರ್ಖಾನೆ ಭಾರವಾದದ್ದನ್ನೇ ಮಾಡುತ್ತದೆ. ದೀಪದ ಗೊಂಚಲುಗಳು ಕಟ್ಟಡದ ಚಾವಣಿ ಕೀಳುವಷ್ಟು ತೂಕ ಬರುತ್ತಿವೆ ಅಂತ ಕ್ರುಶ್ಚೇವ್ ಅವರೇ ಗೊಣಗಿದ್ದರು.

ಸಿಗದ ವಸ್ತುವಿಗೆ ದಾರಿ ಒಂದೇ, ವಶೀಲಿ. ರಷ್ಯನ್ ಭಾಷೆಯಲ್ಲಿ 'ಬ್ಲಾತ್'. ಕಸಾಯಿ ಅಂಗಡಿಯವನ ಪರಿಚಯ ಇದ್ದವರಿಗೆ ಒಳ್ಳೆಯ ಮಾಂಸ, ಪುಸ್ತಕದಂಗಡಿಯವಳ ಪರಿಚಯ ಇದ್ದವರಿಗೆ ಒಳ್ಳೆಯ ಪುಸ್ತಕ. ಹೀಗಾಗಿ ಅಂಗಡಿಯ ಗುಮಾಸ್ತೆಗೆ ಪ್ರೊಫೆಸರ್‌ಗಿಂತ ಜಾಸ್ತಿ ಮರ್ಯಾದೆ! ಪೂರ್ವ ಜರ್ಮನಿಯಲ್ಲಿ ಗಲ್ಲಾದ ಕೆಳಗೆ ಬಗ್ಗಿ ತೆಗೆದು ಕೊಡುವ ಸರಕಿಗೆ 'ಬಗ್ಗುವ ಸರಕು' ಅಂತಲೇ ಹೆಸರಿತ್ತು. ಅಲ್ಲಿ ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು. ಹಳೆಯ ಟ್ರಾಬಾಂಟ್ ಹೊಸದಕ್ಕಿಂತ ದುಬಾರಿ. ಹಳೆಯದು ಇವತ್ತೇ ಸಿಗುತ್ತಿತ್ತಲ್ಲ.

ರೇಷನ್ ಕಾರ್ಡು ಈಗಲೂ ಇದೆಯಾ?

ಕ್ಯೂಬಾದಲ್ಲಿ ಇದೆ. 1962ರಿಂದ ನಡೆದುಬಂದ 'ಲಿಬ್ರೆತಾ' ಎಂಬ ಸಣ್ಣ ಪುಸ್ತಕ. ಅಕ್ಕಿ, ಸಕ್ಕರೆ, ಎಣ್ಣೆ, ಬ್ರೆಡ್ಡು ಅದರಲ್ಲಿ ಬರುತ್ತವೆ ಅನ್ನುವುದಕ್ಕಿಂತ ಬರಬೇಕು ಅನ್ನುವುದು ಸರಿ. ತಿಂಗಳು ಪೂರ್ತಿ ಅದರಲ್ಲೇ ಹೊಟ್ಟೆ ತುಂಬುವುದಿಲ್ಲ. ಚೀನಾದಲ್ಲಿ 1955ರಿಂದ 1990ರ ದಶಕದ ಆರಂಭದವರೆಗೂ ಧಾನ್ಯಕ್ಕೆ ಕೂಪನ್ ಇತ್ತು, ಹೋಟೆಲಿನಲ್ಲಿ ಉಣ್ಣಲೂ ಅದನ್ನು ಕೊಡಬೇಕಿತ್ತು. ವಿಯೆಟ್ನಾಂನಲ್ಲಿ ಕೂಪನ್ ಕಾಲದ ಹಿರಿಯರು ಈಗಲೂ ಇಟ್ಟಿಗೆಯ ಕಥೆ ಹೇಳುತ್ತಾರೆ. ನಸುಕಿನಲ್ಲಿ ಬಂದು ಕ್ಯೂನಲ್ಲಿ ತಮ್ಮ ಜಾಗಕ್ಕೆ ಒಂದು ಇಟ್ಟಿಗೆ ಇಟ್ಟು ಹೋಗುತ್ತಿದ್ದರು. ಇಟ್ಟಿಗೆಯೇ ಅವರ ಪರವಾಗಿ ಕಾಯುತ್ತಿತ್ತು.

ಸ್ವಂತ ಮನೆ ಇರಬಹುದಾ? ಬಟ್ಟೆಬರೆಯೂ ಸರ್ಕಾರದ್ದಾ?

ಬಟ್ಟೆಬರೆ ನಿಮ್ಮದೇ. ಸಿದ್ಧಾಂತದಲ್ಲಿ ಎರಡು ಬಗೆಯ ಆಸ್ತಿ ಇದೆ. ನೀವು ಬಳಸುವ ವಸ್ತು ನಿಮ್ಮ ವೈಯಕ್ತಿಕ ಆಸ್ತಿ. ಇನ್ನೊಬ್ಬರನ್ನು ದುಡಿಸಿ ಲಾಭ ತೆಗೆಯುವ ಕಾರ್ಖಾನೆ, ಜಮೀನು ಖಾಸಗಿ ಆಸ್ತಿ. ವಿರೋಧ ಇರುವುದು ಎರಡನೆಯದಕ್ಕೆ. ಸೋವಿಯತ್ ಕಾಲದಲ್ಲೂ ಕಾರು, ಹಳ್ಳಿಮನೆ, ಬ್ಯಾಂಕಿನ ಉಳಿತಾಯ ಇಟ್ಟುಕೊಂಡು ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು.

ನಗರಗಳಲ್ಲಿ ಮನೆ ಸಿಗುತ್ತಿದ್ದದ್ದು ಹೆಚ್ಚಾಗಿ ಸರ್ಕಾರದಿಂದ ಅಥವಾ ಕಾರ್ಖಾನೆಯಿಂದ. ಮೊದಮೊದಲು ಒಂದು ಮನೆಯಲ್ಲಿ ಕೋಣೆಗೊಂದು ಸಂಸಾರ, ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಬಚ್ಚಲು. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಏನು ಮಾತಾಡಿದರು, ಎಲ್ಲ ಎಲ್ಲರಿಗೂ ಗೊತ್ತು. 1950ರ ದಶಕದ ಕೊನೆಯಲ್ಲಿ ಕ್ರುಶ್ಚೇವ್ ಐದು ಮಹಡಿಯ ಸಿದ್ಧ ಕಾಂಕ್ರೀಟು ಕಟ್ಟಡಗಳನ್ನು ಸಾಲುಸಾಲಾಗಿ ಎಬ್ಬಿಸಿದರು. ನೋಡಲು ಬೆಂಕಿಪೊಟ್ಟಣ. ಅಡುಗೆಮನೆ ಆರು ಚದರ ಮೀಟರೂ ಇರಲಿಲ್ಲ. ಆದರೆ ಅದಕ್ಕೆ ಬಾಗಿಲು ಇತ್ತು, ಅದನ್ನು ಹಾಕಿಕೊಳ್ಳಬಹುದಿತ್ತು! ಒಂದು ತಲೆಮಾರು ಗೆಳೆಯರ ಜೊತೆ ನಿಜವಾದ ಮಾತು ಆಡಿದ್ದು, ಸರ್ಕಾರದ ಮೇಲೆ ಜೋಕು ಹೇಳಿದ್ದು ಆ ಅಡುಗೆಮನೆಗಳಲ್ಲೇ. ಬಾಡಿಗೆ ಸಂಬಳದ ನೂರರಲ್ಲಿ ಐದು ಪಾಲಿನ ಆಸುಪಾಸು. ಆದರೆ ಮನೆ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು. ಡೈವೋರ್ಸ್ ಆದ ಗಂಡಹೆಂಡತಿ ಬೇರೆ ಜಾಗ ಸಿಗದೆ ಒಂದೇ ಮನೆಯಲ್ಲಿ ಇರುತ್ತಿದ್ದದ್ದೂ ಉಂಟು.

ಇವತ್ತಿನ ಚೀನಾದಲ್ಲಿ ಹತ್ತರಲ್ಲಿ ಒಂಬತ್ತು ಕುಟುಂಬಕ್ಕೆ ಸ್ವಂತ ಮನೆಯಿದೆ. ಕೆಳಗಿನ ನೆಲ ಮಾತ್ರ ಸರ್ಕಾರದ್ದೋ ಗ್ರಾಮ ಸಮೂಹದ್ದೋ. ನಗರದಲ್ಲಿ ನಿಮಗೆ ಸಿಗುವುದು 70 ವರ್ಷ ಬಳಸುವ ಹಕ್ಕು.

ಎಲ್ಲರಿಗೂ ಒಂದೇ ಸಂಬಳವಾ?

ಯಾವತ್ತೂ ಅಲ್ಲ. ಸ್ಟಾಲಿನ್ 1931ರಲ್ಲೇ ಸಮಸಮ ಸಂಬಳದ ಬೇಡಿಕೆಯನ್ನು ತಳ್ಳಿಹಾಕಿದ್ದರು. ಸಂಬಳದ ಅಂತರ ಬೇರೆ ದೇಶಗಳಿಗಿಂತ ಕಡಿಮೆ ಇತ್ತು, ಅದು ನಿಜ. ಆದರೆ ಸಂಬಳದ ಚೀಟಿ ಅರ್ಧ ಕಥೆ ಮಾತ್ರ. ಪಕ್ಷದ ದೊಡ್ಡವರಿಗೆ ಬೋರ್ಡು ಇಲ್ಲದ ಅಂಗಡಿ, ಬೇರೆ ಆಸ್ಪತ್ರೆ, ಬೇರೆ ರೆಸಾರ್ಟು. ಸೋವಿಯತ್‌ನ 'ಬೆರ್ಯೋಜ್ಕಾ', ಪೂರ್ವ ಜರ್ಮನಿಯ 'ಇಂಟರ್‌ಶಾಪ್' ಎಂಬ ಅಂಗಡಿಗಳಲ್ಲಿ ವಿದೇಶಿ ಹಣ ಇದ್ದವರಿಗೆ ಎಲ್ಲ ಸಿಗುತ್ತಿತ್ತು. ಕ್ಯೂಬಾದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಟ್ಯಾಕ್ಸಿಯವನು ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಿಗಿಂತ ಜಾಸ್ತಿ ದುಡಿಯುತ್ತಾನೆ. ಸಮಾನತೆಯ ದೇಶದಲ್ಲಿ ಇದು ಹೇಗೆ ಅಂತ ಕ್ಯೂಬನ್ನರೇ ಕೇಳಿಕೊಳ್ಳುತ್ತಾರೆ.

ನಿರುದ್ಯೋಗ ಇರಲಿಲ್ಲವಂತೆ, ನಿಜವಾ?

ಹೆಚ್ಚುಕಮ್ಮಿ ನಿಜ. ಸೋವಿಯತ್ ಒಕ್ಕೂಟ 1930ರಲ್ಲಿ ನಿರುದ್ಯೋಗ ಮುಗಿಯಿತು ಎಂದು ಘೋಷಿಸಿ ಉದ್ಯೋಗ ವಿನಿಮಯ ಕಚೇರಿಗಳನ್ನೇ ಮುಚ್ಚಿತು. ಕೆಲಸದಿಂದ ತೆಗೆಯುವುದು ಅಪರೂಪ. ಹತ್ತು ಜನರ ಕೆಲಸಕ್ಕೆ ಹದಿನೈದು ಜನ ಇರುತ್ತಿದ್ದರು. ಅವರು ಸಂಬಳ ಕೊಟ್ಟ ಹಾಗೆ ಮಾಡುತ್ತಾರೆ, ನಾವು ಕೆಲಸ ಮಾಡಿದ ಹಾಗೆ ಮಾಡುತ್ತೇವೆ ಅನ್ನುವುದು ಅಲ್ಲಿನ ಹಳೆಯ ಜೋಕು.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಕೆಲಸ ಮಾಡದೆ ಇರುವುದೇ ಅಪರಾಧ. ಕವಿ ಜೋಸೆಫ್ ಬ್ರಾಡ್‌ಸ್ಕಿ ಅವರಿಗೆ 1964ರಲ್ಲಿ 'ಪರಾವಲಂಬಿ' ಅಂತ ಐದು ವರ್ಷದ ಗಡೀಪಾರು ಶಿಕ್ಷೆ ಆಯಿತು. ಕವಿತೆ ಬರೆಯುವುದು ಕೆಲಸ ಅಂತ ಕೋರ್ಟು ಒಪ್ಪಲಿಲ್ಲ. 1987ರಲ್ಲಿ ಅವರಿಗೆ ನೊಬೆಲ್ ಬಂತು.

ಚೀನಾದಲ್ಲಿ ಕೆಲಸದ ಘಟಕಕ್ಕೆ 'ದಾನ್‌ವೇ' ಅಂತ ಹೆಸರು. ಮನೆ, ಕೂಪನ್, ಮಕ್ಕಳ ಶಾಲೆ, ಔಷಧಿ ಎಲ್ಲ ಅದೇ ಕೊಡುತ್ತಿತ್ತು. ಕೊಡುವವರು ಕೇಳುತ್ತಾರೆ ಕೂಡ. ಮದುವೆ ಆಗಬೇಕಾದರೆ ಘಟಕದಿಂದ ಪತ್ರ ತರಬೇಕು ಅನ್ನುವ ನಿಯಮ 2003ರವರೆಗೂ ಇತ್ತು. ಆ ಭದ್ರತೆಯನ್ನು ಜನ 'ಕಬ್ಬಿಣದ ಅನ್ನದ ಬಟ್ಟಲು' ಅನ್ನುತ್ತಿದ್ದರು. 1990ರ ದಶಕದ ಕೊನೆಗೆ ಆ ಬಟ್ಟಲೂ ಒಡೆಯಿತು. ಸರ್ಕಾರಿ ಕಾರ್ಖಾನೆಗಳಿಂದ 2 ಕೋಟಿಗೂ ಹೆಚ್ಚು ಜನ ಹೊರಬಿದ್ದರು.

ಓದು, ಆಸ್ಪತ್ರೆ ಪುಕ್ಕಟೆನಾ?

ಹಳೆಯ ಸೋವಿಯತ್ ಗುಂಪಿನಲ್ಲಿ ಮತ್ತು ಕ್ಯೂಬಾದಲ್ಲಿ ಹೌದು. ಇದು ಆ ವ್ಯವಸ್ಥೆಯ ನಿಜವಾದ ಸಾಧನೆ, ಸುಮ್ನೆ ಪ್ರಚಾರ ಅಂತ ತಳ್ಳಿಹಾಕುವುದು ಸರಿಯಲ್ಲ. ಕ್ಯೂಬಾ 1961ರ ಒಂದೇ ವರ್ಷದಲ್ಲಿ ಹದಿಹರೆಯದವರನ್ನು ಲಾಂದ್ರ ಹಿಡಿಸಿ ಹಳ್ಳಿಗಳಿಗೆ ಕಳಿಸಿ ಅನಕ್ಷರತೆಯನ್ನು ಬಹುತೇಕ ಅಳಿಸಿತು. ಅದರ ಡಾಕ್ಟರುಗಳು ಹತ್ತಾರು ದೇಶಗಳಲ್ಲಿ ದುಡಿಯುತ್ತಾರೆ. ಕೊರತೆ ಇರುವುದು ಡಾಕ್ಟರಿಗಲ್ಲ, ಔಷಧಿಗೆ. ರೋಗಿಯ ಮನೆಯವರೇ ಸೂಜಿ, ಮಾತ್ರೆ ಹುಡುಕಿ ತರುವ ಸ್ಥಿತಿ ಇದೆ.

ಚೀನಾದಲ್ಲಿ ಉಚಿತ ಇರುವುದು ಒಂಬತ್ತು ವರ್ಷದ ಕಡ್ಡಾಯ ಶಾಲೆ. ಕಾಲೇಜಿಗೆ ಶುಲ್ಕ ಇದೆ, ಆಸ್ಪತ್ರೆಗೆ ವಿಮೆ ಇದ್ದರೂ ಕೈಯಿಂದ ಒಂದಷ್ಟು ಕಟ್ಟಬೇಕು. ವಿಯೆಟ್ನಾಂ 1989ರಿಂದಲೇ ಆಸ್ಪತ್ರೆಯಲ್ಲಿ ಹಣ ತೆಗೆದುಕೊಳ್ಳುತ್ತಿದೆ.

ಹೆಂಗಸರ ಸ್ಥಿತಿ ಹೇಗೆ?

ಮನೆಯಿಂದ ಹೊರಗೆ ದುಡಿಯುವ ವಿಷಯದಲ್ಲಿ ಮುಂದೆ. 1980ರ ದಶಕದ ಕೊನೆಗೆ ಪೂರ್ವ ಜರ್ಮನಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆಂಗಸರು ಕೆಲಸದಲ್ಲೋ ಓದಿನಲ್ಲೋ ಇದ್ದರು, ಮಕ್ಕಳಿಗೆ ಶಿಶುವಿಹಾರ ಇತ್ತು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂಟಿನಾ ತೆರೆಷ್ಕೋವಾ, 1963ರಲ್ಲಿ. ಆದರೆ ಕೆಲಸ ಮುಗಿಸಿ ಕ್ಯೂನಲ್ಲಿ ನಿಲ್ಲುತ್ತಿದ್ದವರು, ಮನೆಗೆ ಬಂದು ಅಡುಗೆ ಮಾಡುತ್ತಿದ್ದವರೂ ಅವರೇ. ಪಕ್ಷಕ್ಕೆ ಬೇಕೆನಿಸಿದರೆ ಹಕ್ಕು ವಾಪಸ್ ಹೋಗುತ್ತಿತ್ತು. ರೊಮೇನಿಯಾ 1966ರಲ್ಲಿ ಜನಸಂಖ್ಯೆ ಹೆಚ್ಚಿಸಲು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಚೀನಾ ತದ್ವಿರುದ್ಧವಾಗಿ ಒಂದೇ ಮಗು ಅಂತ ಪಟ್ಟುಹಿಡಿಯಿತು. ಎರಡರಲ್ಲೂ ಹೆಂಗಸರನ್ನು ಕೇಳಿದವರಿಲ್ಲ. 2022ರಲ್ಲಿ ಚೀನಾದ 24 ಜನರ ಪಾಲಿಟ್‌ಬ್ಯೂರೊದಲ್ಲಿ, ಅಂದರೆ ಪಕ್ಷದ ಉನ್ನತ ಸಮಿತಿಯಲ್ಲಿ, ಒಬ್ಬ ಮಹಿಳೆಯೂ ಇರಲಿಲ್ಲ.

ಎಲ್ಲರೂ ಪಕ್ಷ ಸೇರಲೇಬೇಕಾ?

ಇಲ್ಲ, ಸೇರಿಸಿಕೊಳ್ಳುವುದೂ ಇಲ್ಲ. ಚೀನಾದ ಪಕ್ಷದಲ್ಲಿ ಸುಮಾರು 10 ಕೋಟಿ ಸದಸ್ಯರಿದ್ದಾರೆ. ದೊಡ್ಡ ಸಂಖ್ಯೆ, ಆದರೆ 140 ಕೋಟಿಯಲ್ಲಿ ಅದು ನೂರಕ್ಕೆ ಏಳು. ಅರ್ಜಿ ಹಾಕಬೇಕು, ಇಬ್ಬರು ಸದಸ್ಯರು ಶಿಫಾರಸು ಮಾಡಬೇಕು, ಒಂದು ವರ್ಷ ಪರೀಕ್ಷಾ ಅವಧಿ. ಸರ್ಕಾರಿ ನೌಕರಿಯಲ್ಲಿ ಮೇಲೆ ಹೋಗಬೇಕಾದವರಿಗೆ ಇದು ಏಣಿ. ಎಷ್ಟೋ ಜನ ಮಾರ್ಕ್ಸ್ ಬರೆದ ಒಂದು ಪುಟವನ್ನೂ ಮನಸ್ಸಿಟ್ಟು ಓದದೆ ಸದಸ್ಯರಾಗಿರುತ್ತಾರೆ.

ಚುನಾವಣೆ ನಡೆಯುತ್ತದಾ?

ನಡೆಯುತ್ತದೆ, ಸಂಭ್ರಮದಿಂದಲೇ. 2023ರಲ್ಲಿ ಕ್ಯೂಬಾದ ಸಂಸತ್ತಿಗೆ 470 ಸ್ಥಾನ, 470 ಅಭ್ಯರ್ಥಿಗಳು! ಸೋವಿಯತ್‌ನಲ್ಲಿ ಮತಪತ್ರದಲ್ಲಿ ಒಂದೇ ಹೆಸರು. ಬೇಡ ಅನ್ನಿಸಿದರೆ ಮರೆಯ ಕೋಣೆಗೆ ಹೋಗಿ ಅಡ್ಡಗೆರೆ ಎಳೆಯಬೇಕು, ಆದರೆ ಆ ಕೋಣೆಗೆ ಹೋದರೇ ಎಲ್ಲರ ಕಣ್ಣು ನಿಮ್ಮ ಮೇಲೆ. ಜನರನ್ನು ಸೆಳೆಯಲು ಮತಗಟ್ಟೆಯಲ್ಲೇ ಅಪರೂಪದ ತಿಂಡಿ ಮಾರುತ್ತಿದ್ದರು. ಪೂರ್ವ ಜರ್ಮನ್ನರು ಮತ ಹಾಕುವುದಕ್ಕೆ 'ಕಾಗದ ಮಡಚಲು ಹೋಗುವುದು' ಅನ್ನುತ್ತಿದ್ದರು.

ಮನಸ್ಸಿಗೆ ಬಂದದ್ದನ್ನು ಮಾತಾಡಬಹುದಾ?

ಯಾರ ಮುಂದೆ ಅನ್ನುವುದರ ಮೇಲಿದೆ. ಬೆಲೆ, ಬಸ್ಸು, ಸ್ಥಳೀಯ ಅಧಿಕಾರಿಯ ಲಂಚ, ಇವುಗಳ ಮೇಲೆ ಗೊಣಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪಕ್ಷ ಆಳಬೇಕಾ ಅನ್ನುವ ಪ್ರಶ್ನೆ ಎತ್ತಿದರೆ, ಅಥವಾ ಹತ್ತು ಜನರನ್ನು ಸೇರಿಸಿ ಸಂಘ ಕಟ್ಟಲು ಹೊರಟರೆ ಕಥೆ ಬೇರೆ.

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯಲ್ಲಿ 1989ರಲ್ಲಿ ಸುಮಾರು 91,000 ನೌಕರರಿದ್ದರು, ಮೇಲಿಂದ 1.7 ಲಕ್ಷಕ್ಕೂ ಹೆಚ್ಚು ಗುಟ್ಟು ಮಾಹಿತಿದಾರರು. ದೇಶದ ಜನಸಂಖ್ಯೆ 1.6 ಕೋಟಿ. ಆಮೇಲೆ ಕಡತ ತೆರೆದಾಗ ಕೆಲವರಿಗೆ ತಮ್ಮ ಮೇಲೆ ವರದಿ ಬರೆದವರು ಸ್ವಂತ ಗಂಡನೇ, ಆಪ್ತ ಗೆಳೆಯನೇ ಎಂದು ಗೊತ್ತಾಯಿತು. ಕ್ಯೂಬಾದಲ್ಲಿ 1960ರಿಂದ ಬೀದಿಬೀದಿಗೆ ಸಮಿತಿ ಇದೆ. ಅದೇ ಸಮಿತಿ ಮಕ್ಕಳಿಗೆ ಲಸಿಕೆಯನ್ನೂ ಹಾಕಿಸುತ್ತದೆ, ಯಾರ ಮನೆಗೆ ಯಾರು ಬಂದರು ಅಂತಲೂ ನೋಡುತ್ತದೆ. ಚೀನಾದಲ್ಲಿ ಈ ಕೆಲಸದ ಬಹುಪಾಲು ಫೋನಿಗೆ ವರ್ಗವಾಗಿದೆ. ಬರೆದ ಪೋಸ್ಟ್ ಕೆಲವೇ ನಿಮಿಷದಲ್ಲಿ ಮಾಯ. ಜನರೂ ಚುರುಕು. ಒಂದು ಪದ ನಿಷೇಧವಾದರೆ ಅದೇ ಉಚ್ಚಾರದ ಬೇರೆ ಅಕ್ಷರ ಬಳಸುತ್ತಾರೆ.

ದೇವರು, ಪೂಜೆಗೆ ಜಾಗ ಇದೆಯಾ?

ದೇಶದಿಂದ ದೇಶಕ್ಕೆ ಬೇರೆ. ಅಲ್ಬೇನಿಯಾ 1967ರಲ್ಲಿ ಧರ್ಮವನ್ನೇ ನಿಷೇಧಿಸಿತು. ಪೋಲೆಂಡ್‌ನಲ್ಲಿ ಚರ್ಚು ಕೊನೆಯವರೆಗೂ ತುಂಬಿರುತ್ತಿತ್ತು. ಚೀನಾ ಐದು ಧರ್ಮಗಳನ್ನು ಮಾನ್ಯ ಮಾಡಿದೆ, ಸರ್ಕಾರದಲ್ಲಿ ನೋಂದಾಯಿಸಿದ ಜಾಗಗಳಲ್ಲಿ ಮಾತ್ರ ಪೂಜೆ. ಕ್ಯೂಬಾದಲ್ಲಿ ಕ್ರಿಸ್‌ಮಸ್ ರಜೆ 1997ರಲ್ಲಿ ಮರಳಿತು.

ಊರು ಬದಲಿಸಬಹುದಾ? ದೇಶ ಬಿಡಬಹುದಾ?

ಸೋವಿಯತ್‌ನಲ್ಲಿ ದೇಶದೊಳಗೇ ಪಾಸ್‌ಪೋರ್ಟ್ ಬೇಕಿತ್ತು, ವಾಸದ ಮುದ್ರೆ ಇಲ್ಲದೆ ಮಾಸ್ಕೋದಲ್ಲಿ ಇರುವ ಹಾಗಿರಲಿಲ್ಲ. ಸಾಮೂಹಿಕ ಹೊಲದ ರೈತರಿಗೆ ಆ ಪಾಸ್‌ಪೋರ್ಟ್ ಹಕ್ಕಾಗಿ ಸಿಕ್ಕಿದ್ದು 1974ರಲ್ಲಿ. ಚೀನಾದ 'ಹುಕೊ' ನೋಂದಣಿ 1958ರದ್ದು, ಇನ್ನೂ ಇದೆ. ಹಳ್ಳಿಯಿಂದ ಬಂದವರು ನಗರದಲ್ಲಿ ದುಡಿಯಬಹುದು. ಮಕ್ಕಳ ಶಾಲೆ, ಕಾಲೇಜು ಪ್ರವೇಶ ಪರೀಕ್ಷೆ ಬಂದಾಗ ಹುಕೊ ಅಡ್ಡ ಬರುತ್ತದೆ. ಹಾಗಾಗಿ ಎಷ್ಟೋ ಮಕ್ಕಳು ಹಳ್ಳಿಯಲ್ಲಿ ಅಜ್ಜಅಜ್ಜಿಯ ಜೊತೆ ಬೆಳೆಯುತ್ತಾರೆ.

ದೇಶ ಬಿಡುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 1961ರ ಬರ್ಲಿನ್ ಗೋಡೆ. ನನಗೆ ಅದಕ್ಕಿಂತ ಹೆಚ್ಚು ಹೇಳುವುದು ಇನ್ನೊಂದು ಸಂಗತಿ. 1964ರಿಂದ ಪೂರ್ವ ಜರ್ಮನಿ ಪಿಂಚಣಿದಾರರಿಗೆ ಪಶ್ಚಿಮಕ್ಕೆ ಹೋಗಿಬರಲು ಬಿಟ್ಟಿತು. ದುಡಿಯುವ ವಯಸ್ಸು ಮುಗಿದಿತ್ತಲ್ಲ, ವಾಪಸ್ ಬಾರದಿದ್ದರೂ ಸರ್ಕಾರಕ್ಕೆ ಉಳಿತಾಯ! ಯುಗೊಸ್ಲಾವಿಯಾದವರು ಮಾತ್ರ ಆರಾಮಾಗಿ ಪಶ್ಚಿಮಕ್ಕೆ ಹೋಗಿ ದುಡಿದು ಬರುತ್ತಿದ್ದರು. ಕ್ಯೂಬಾ 2013ರಲ್ಲಿ ಹೊರಹೋಗುವ ಅನುಮತಿ ಪತ್ರ ರದ್ದು ಮಾಡಿತು. ಚೀನಾ, ವಿಯೆಟ್ನಾಂ ಜನ ಈಗ ಜಗತ್ತೆಲ್ಲ ತಿರುಗುತ್ತಾರೆ. ಆದರೆ ಟಿಬೆಟ್, ಶಿನ್‌ಜಿಯಾಂಗ್‌ನವರಿಗೆ ಪಾಸ್‌ಪೋರ್ಟ್ ಸಿಗುವುದು ಕಷ್ಟ.

ಕೋಟಿಗಟ್ಟಲೆ ಜನ ಸತ್ತರು ಅಂತಾರಲ್ಲ, ಉತ್ಪ್ರೇಕ್ಷೆಯಾ?

ಅಲ್ಲ. 1937 ಮತ್ತು 1938ರಲ್ಲಿ ಸ್ಟಾಲಿನ್ ಆಡಳಿತ ಸುಮಾರು 6.8 ಲಕ್ಷ ಜನರನ್ನು ಗುಂಡಿಕ್ಕಿ ಕೊಂದದ್ದು ಅವರದೇ ಕಡತದಲ್ಲಿದೆ. 1932 ಮತ್ತು 33ರ ಬರಗಾಲದಲ್ಲಿ ಉಕ್ರೇನ್ ಒಂದರಲ್ಲೇ ಸತ್ತವರು ಸುಮಾರು 35 ಲಕ್ಷದಿಂದ 50 ಲಕ್ಷ. ಚೀನಾ ದಿಢೀರ್ ಕೈಗಾರಿಕೆ, ಸಾಮೂಹಿಕ ಬೇಸಾಯಕ್ಕೆ ಹೊರಟ 'ಮಹಾ ಜಿಗಿತ'ದ ಕಾಲದ ಬರಗಾಲಕ್ಕೆ ಕಡಿಮೆ ಲೆಕ್ಕ ಹಾಕುವವರೂ ಒಂದೂವರೆ ಕೋಟಿ ಅನ್ನುತ್ತಾರೆ, ಹೆಚ್ಚು ಹಾಕುವವರು ನಾಲ್ಕೂವರೆ ಕೋಟಿ. ಹಳ್ಳಿಯ ಅಧಿಕಾರಿ ಇಲ್ಲದ ಬೆಳೆಯನ್ನು ಇದೆ ಅಂತ ಬರೆದ, ಮೇಲಿನವರು ಆ ಸುಳ್ಳಿನ ಲೆಕ್ಕದ ಮೇಲೆ ಧಾನ್ಯ ಎತ್ತಿಕೊಂಡು ಹೋದರು. ತಪ್ಪು ಅಂತ ಹೇಳುವ ಪತ್ರಿಕೆಯಿಲ್ಲ, ಇಳಿಸುವ ಮತದಾರನಿಲ್ಲ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಹಣವನ್ನೇ ರದ್ದು ಮಾಡಿದ ಖ್ಮೇರ್ ರೂಜ್ ಎಂಬ ಅಲ್ಲಿನ ಕಮ್ಯುನಿಸ್ಟರ ಕಾಲದಲ್ಲಿ 15ರಿಂದ 20 ಲಕ್ಷ ಜನ ಸತ್ತರು. ಅವರನ್ನು ಓಡಿಸಿದ್ದು ಕಮ್ಯುನಿಸ್ಟ್ ವಿಯೆಟ್ನಾಂ.

ಉತ್ತರ ಕೊರಿಯಾದಲ್ಲಿ ಜನ ದಿನ ಹೇಗೆ ಕಳೆಯುತ್ತಾರೆ?

ಮನೆಯ ಗೋಡೆಯಲ್ಲಿ ನಾಯಕರ ಚಿತ್ರ, ಸರ್ಕಾರಿ ವಾಹಿನಿಗೇ ಕಟ್ಟಿಹಾಕಿದ ರೇಡಿಯೊ. ಸುಮಾರು 20ರಿಂದ 40 ಮನೆಗೊಂದು 'ಇನ್‌ಮಿನ್‌ಬಾನ್' ಗುಂಪು, ಅದಕ್ಕೊಬ್ಬ ಮೇಲ್ವಿಚಾರಕಿ. ಕೊರಿಯಾ ಯುದ್ಧದ ಕಾಲದಲ್ಲಿ ತಾತ ಯಾರ ಪರ ಇದ್ದ ಅನ್ನುವಂಥದ್ದರ ಮೇಲೆ ಮೊಮ್ಮಗನ ಓದು, ಕೆಲಸ. ಇದಕ್ಕೆ 'ಸೊಂಗ್‌ಬುನ್' ಅನ್ನುತ್ತಾರೆ. 1990ರ ದಶಕದ ಬರಗಾಲದಲ್ಲಿ ಸರ್ಕಾರದ ರೇಷನ್ ಕುಸಿದಾಗ ಮನೆ ಹಿಡಿದು ನಿಲ್ಲಿಸಿದವರು ಹೆಂಗಸರು. ಗಂಡಸರು ಸಂಬಳವಿಲ್ಲದ ಕಾರ್ಖಾನೆಗೆ ಹಾಜರಿ ಹಾಕಲೇಬೇಕು, ಮದುವೆಯಾದ ಹೆಂಗಸರಿಗೆ ಆ ಕಟ್ಟಳೆ ಸಡಿಲ. ಅವರು 'ಜಾಂಗ್‌ಮಾದಾಂಗ್' ಸಂತೆಗಳಲ್ಲಿ ಕೂತು ಮಾರತೊಡಗಿದರು.

ಅಲ್ಲಿ ಬದುಕಿದವರು ಕೆಲವರು ಆ ಕಾಲವೇ ಚೆನ್ನಾಗಿತ್ತು ಅಂತಾರಲ್ಲ, ಯಾಕೆ?

ತಲೆ ಕೆಟ್ಟು ಹೇಳುವುದಿಲ್ಲ. ವ್ಯವಸ್ಥೆ ಕುಸಿದ ಮೇಲೆ ರಷ್ಯಾದಲ್ಲಿ ಬೆಲೆ ಹಾರಿತು, ಉಳಿತಾಯ ಕರಗಿತು, ಕಾರ್ಖಾನೆ ಮುಚ್ಚಿತು. 1994ರಲ್ಲಿ ಗಂಡಸರ ಸರಾಸರಿ ಆಯಸ್ಸು 58ಕ್ಕಿಂತ ಕೆಳಗಿಳಿಯಿತು. ಐವತ್ತು ದಾಟಿದವನಿಗೆ ಮತದ ಹಕ್ಕು ಬಂತು, ಕೆಲಸ ಹೋಯಿತು. ಅವನು ನೆನೆಯುವುದು ಗುಪ್ತ ಪೊಲೀಸರನ್ನಲ್ಲ. ತಿಂಗಳ ಸಂಬಳ, ಕಾರ್ಖಾನೆಯ ಬೇಸಿಗೆ ಶಿಬಿರ, ಮತ್ತು ತನಗಾಗ ಮೂವತ್ತು ವರ್ಷ ಆಗಿತ್ತಲ್ಲ, ಅದನ್ನು. ಜೈಲಿಗೆ ಹೋದವರ ಮನೆಯಲ್ಲಿ ಕೇಳಿದರೆ ಬೇರೆ ಉತ್ತರ ಬರುತ್ತದೆ.

ಪ್ರವಾಸಕ್ಕೆ ಹೋದರೆ ಇದೆಲ್ಲ ಕಾಣುತ್ತದಾ?

ವಿಯೆಟ್ನಾಂ ರಾಜಧಾನಿ ಹನೋಯಿಗೆ ಹೋದರೆ ಮೊದಲು ಕಾಣುವುದು ಸ್ಕೂಟರ್ ಸಾಗರ, ಫುಟ್‌ಪಾತ್ ತುಂಬ ವ್ಯಾಪಾರ. ಇದಕ್ಕಿಂತ ಮಾರುಕಟ್ಟೆಯ ದೇಶ ಬೇರೆ ಇದೆಯಾ ಅನ್ನಿಸುತ್ತದೆ. ಲೆನಿನ್ ಪ್ರತಿಮೆಯ ಬುಡದಲ್ಲಿ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಿರುತ್ತಾರೆ. ಚೀನಾದಲ್ಲಿ ನಿಮ್ಮ ಫೋನಿನ ಗೂಗಲ್, ವಾಟ್ಸಾಪ್ ನಿಂತಾಗ ಗೊತ್ತಾಗುತ್ತದೆ. ಹೋಟೆಲಿನಲ್ಲಿ ನಿಮ್ಮ ಪಾಸ್‌ಪೋರ್ಟನ್ನು ಪೊಲೀಸ್ ದಾಖಲೆಗೆ ಸೇರಿಸುವುದೂ ಉಂಟು. ಗೈಡ್ ಜೊತೆ ಗಂಟೆಗಟ್ಟಲೆ ಊಟ, ಕ್ರಿಕೆಟ್ಟು, ಮಕ್ಕಳ ಫೀಸು ಮಾತಾಡಿರುತ್ತೀರಿ. 1989ರ ತಿಯಾನನ್‌ಮೆನ್ ಬಗ್ಗೆ, ಅಂದರೆ ಬೀಜಿಂಗ್‌ನಲ್ಲಿ ವಿದ್ಯಾರ್ಥಿಗಳ ಚಳವಳಿಯನ್ನು ಸೇನೆ ಗುಂಡು ಹಾರಿಸಿ ಹತ್ತಿಕ್ಕಿದ್ದರ ಬಗ್ಗೆ, ಕೇಳಿ ನೋಡಿ. ಹೆಚ್ಚಿನವರು ಮಾತು ಬದಲಿಸುತ್ತಾರೆ. ಬೇಡ, ಕೇಳಬೇಡಿ. ನೀವು ವಿಮಾನ ಹತ್ತಿ ಬರುತ್ತೀರಿ, ಅವರು ಅಲ್ಲೇ ಇರಬೇಕು.